ಮನೆಯವರು ಮುಟ್ಟತಕ್ಕದ್ದಲ್ಲ

"ಕೀಳ್ರಿ ಇದನ್ನೆಲ್ಲಾ! ವೈರಿಂಗಂತೆ ವೈರಿಂಗು. ಹಂದಿ ಕಟ್ಟೋ ಹಗ್ಗ ಇದಕ್ಕಿಂತ ನೀಟಾಗಿರ್ತದೆ."

ಹೀಗೆಂದ ಕರೆಂಟ್ ಆಫೀಸಿನ ಇನ್ಸ್‌ಪೆಕ್ಟರ ಬಾಯಿ ಐದು ನಿಮಿಷದ ಹಿಂದೆ ಬೇರೆ ರಾಗ ಹಾಡಿತ್ತು. ನಮ್ಮ ಹೊಸ ಮನೆಯ ಸ್ವಿಚ್ಚಿನ ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟು ನೋಡಿ, "ಭಲೇ, ಫಸ್ಟ್ ಕ್ಲಾಸ್ ಕೆಲಸ. ಸಾಹುಕಾರ್ರು ಮಾಡಿದ್ದಾ?" ಎಂದು ಕೇಳಿದ್ದರು. ನನ್ನ ಗಂಡ, ದೇವರಂಥ ದಡ್ಡ, ಹಲ್ಲು ಕಿರಿದು, "ಇಲ್ಲ ಸಾರ್, ನಾವೇ ಗಂಡ ಹೆಂಡ್ತಿ ಮಾಡ್ಕೊಂಡಿದ್ದು" ಎಂದುಬಿಟ್ಟ. ಅಷ್ಟೇ. ಫಸ್ಟ್ ಕ್ಲಾಸು ನಿಂತ ನಿಲುವಿನಲ್ಲೇ ಫೇಲಾಯಿತು.

ಸಾಹುಕಾರ ಎಂದರೆ ವೈರಿಂಗ್ ಲೈಸೆನ್ಸ್ ಇರುವ ಕಂಟ್ರಾಕ್ಟರ್. ಪೇಟೆಯವರೆಲ್ಲ ಅವನನ್ನು ಸಹಿ ಸಾಹುಕಾರ ಎನ್ನುತ್ತಾರೆ, ಏಕೆಂದರೆ ಅವನ ಕೈ ಪೆನ್ನು ಬಿಟ್ಟು ಬೇರೇನನ್ನೂ ಹಿಡಿದದ್ದು ಯಾರೂ ಕಂಡಿಲ್ಲ. ಹದಿನೆಂಟು ವರ್ಷ ಅವನ ಕೈಕೆಳಗೆ ನಾನು ಗೋಡೆ ಕೊರೆದು ಪೈಪು ಹೂತಿದ್ದೇನೆ. ನನ್ನ ಗಂಡ ವೈರು ಎಳೆದಿದ್ದಾನೆ. ಜೇಬಿನಲ್ಲಿ ಸದಾ ಟೆಸ್ಟರ್ ಸಿಕ್ಕಿಸಿಕೊಂಡು ತಿರುಗುವುದರಿಂದ ಅವನ ಹೆಸರೇ ಟೆಸ್ಟರ್ ಆಗಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಲೈಸೆನ್ಸ್ ಪರೀಕ್ಷೆಗೆ ಕೂರಿಸುವುದಿಲ್ಲ.

"ನಿಮ್ಮನೆ ವೈರಿಂಗೂ ನಾವೇ ಸಾರ್ ಮಾಡಿದ್ದು," ಎಂದೆ. "ನಿಮ್ಮ ಬಚ್ಚಲಲ್ಲಿ ಮೂರು ದಿನ ಕೂತು ಗೋಡೆ ಕೊರೆದಿದೀನಿ."

"ಅದು ಸಾಹುಕಾರ್ರು ಮಾಡಿದ್ದು. ಸಹಿ ಇದೆ."

"ಅಳಿಯ ಅಲ್ಲ, ಮಗಳ ಗಂಡ!" ಎಂದಳು ನನ್ನ ಅತ್ತೆ, ಮೂಲೆಯಿಂದ.

"ಆ ಮುದುಕೀನ ಸುಮ್ನಿರಿಸಮ್ಮ. ಸುತ್ತಿಗೆ ಹಿಡಿದೋರೆಲ್ಲ ಇಂಜಿನಿಯರಾದ್ರೆ ನಾವೇನು ಕತ್ತೆ ಕಾಯೋಕೆ ಓದಿದ್ವಾ?" ಎಂದು ಇನ್ಸ್‌ಪೆಕ್ಟರು ಪುಸ್ತಕ ತೆಗೆದು ಬೆರಳಿಟ್ಟು ಓದಿದರು: "ಕೆಲಸವನ್ನು ಪರವಾನಗಿದಾರನೇ ಮಾಡತಕ್ಕದ್ದು. ಮನೆಯವರು ಮುಟ್ಟತಕ್ಕದ್ದಲ್ಲ." ಪುಸ್ತಕ ಮುಚ್ಚಿ ಹೇಳಿದರು: "ಹೊಸ ವೈರಿಂಗ್ ಶನಿವಾರದೊಳಗೆ ಆಗ್ಬೇಕು. ನಾನೇ ನಿಂತು ನೋಡ್ತೀನಿ. ಇಲ್ಲಾಂದ್ರೆ ಅರ್ಜಿ ವಜಾ."

ಆ ಅರ್ಜಿಯ ಸರದಿ ಬರುವುದಕ್ಕೇ ಎರಡು ವರ್ಷ ಹಿಡಿದಿತ್ತು. ಆರು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಇಟ್ಟಿಗೆ ಇಟ್ಟಿಗೆ ಕೂಡಿಸಿ ಕಟ್ಟಿದ ಎರಡು ಕೋಣೆ ನಮ್ಮದು. ಬಾಡಿಗೆ ಮನೆ ಬಿಟ್ಟು ಬಂದಾಗಿತ್ತು. ಕರೆಂಟಿಲ್ಲದೆ ಮೋಟಾರು ಓಡದು, ಮೋಟಾರು ಓಡದೆ ನೀರು ಮೇಲೆ ಬಾರದು. ಅರ್ಜಿ ವಜಾ ಆದರೆ ಇನ್ನೆರಡು ವರ್ಷ ಎಪ್ಪತ್ತರ ಮುದುಕಿ ಬೀದಿ ನಲ್ಲಿಯಿಂದ ಬಿಂದಿಗೆ ಹೊರಬೇಕು. ಆ ರಾತ್ರಿಯೇ ಪೆಟ್ಟಿಗೆಯೊಳಗಿನ ವೈರುಗಳನ್ನೆಲ್ಲ ನಮ್ಮ ಕೈಯಾರೆ ಕಿತ್ತಿಟ್ಟೆವು.

ಶನಿವಾರ ಸಹಿ ಸಾಹುಕಾರ ಇಸ್ತ್ರಿ ಅಂಗಿ ತೊಟ್ಟು ಬಂದ. ಹಿಂದೆಯೇ ಇನ್ಸ್‌ಪೆಕ್ಟರು, ಕಂಬದಿಂದ ಲೈನು ಕೊಡಲು ಏಣಿ ಹೊತ್ತ ಲೈನ್‌ಮನ್ ಬಂದರು. ಓಣಿಯ ಅರ್ಧ ಜನ ಕಿಟಕಿಗೆ ಅಂಟಿಕೊಂಡರು.

"ಏನೋ ಟೆಸ್ಟರ್, ಬೇಗ ಬೇಗ ಮುಗಿಸು. ನಾನು ಸಹಿ ಹಾಕ್ತೀನಿ," ಎಂದು ಸಾಹುಕಾರ ಸ್ಟೂಲು ಎಳೆದುಕೊಂಡ.

ಹದಿನೆಂಟು ವರ್ಷದ ಅಭ್ಯಾಸ ನೋಡಿ, ಗಂಡ ಆಗಲೇ ತೋಳು ಮಡಚುತ್ತಿದ್ದ. ನಾನು ಅವನ ಕಾಲರು ಹಿಡಿದೆ.

"ಅಯ್ಯೋ, ನಾವು ಮುಟ್ಟಂಗಿಲ್ಲ ಸಾಹುಕಾರ್ರೇ. ರೂಲು. ಇನ್ಸ್‌ಪೆಕ್ಟರ್ ಸಾರೇ ಬೆರಳಿಟ್ಟು ತೋರ್ಸಿದಾರೆ. ಅಲ್ವಾ ಸಾರ್?"

ಇನ್ಸ್‌ಪೆಕ್ಟರು ಕಿಟಕಿಯಲ್ಲಿದ್ದ ಮುಖಗಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, "ಹೌದು. ರೂಲು ಅಂದ್ರೆ ರೂಲು," ಎಂದರು.

ಸಾಹುಕಾರ ಸ್ಕ್ರೂ ಡ್ರೈವರನ್ನು ಚಮಚದಂತೆ ಹಿಡಿದ. ಹತ್ತು ನಿಮಿಷ ಒಂದೇ ಸ್ಕ್ರೂವನ್ನು ತಿರುಗಾಮುರುಗಾ ತಿರುಗಿಸಿ, "ಇದು ತಿರುಗೋ ಜಾತಿ ಸ್ಕ್ರೂ ಅಲ್ಲ" ಎಂದ. ವೈರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯಲು ಹೋದಾಗ, ಕಟ್ಟಿಸಿಕೊಂಡಿದ್ದ ಹಲ್ಲು ಅಲುಗಿತು.

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದಳು ಅತ್ತೆ, ಬಾಗಿಲಾಚೆಯ ಮೆಟ್ಟಿಲಿಂದ. ಓಣಿ ಘೊಳ್ಳೆಂದು ನಕ್ಕಿತು.

ಮಧ್ಯಾಹ್ನದ ಹೊತ್ತಿಗೆ ಅವನ ಅಂಗಿ ಹಿಂಡಿದರೆ ನೀರು ಬರುವಂತಾಗಿತ್ತು. ಕೊನೆಗೆ ಒಂದು ಹಸಿರು ವೈರು ಉಳಿಯಿತು. ಕಬ್ಬಿಣದ ಪೆಟ್ಟಿಗೆಯಿಂದ ನೆಲದೊಳಕ್ಕೆ ಹೋಗಬೇಕಾದ ವೈರದು, ಮನೆಯವರ ಜೀವ ಕಾಯುವುದು. ಸಾಹುಕಾರ ಅದನ್ನು ಅತ್ತಿತ್ತ ನೋಡಿ, ನೆಲದ ಕಡೆಯ ತುದಿ ಕತ್ತರಿಸಿ, ಉಳಿದದ್ದನ್ನು ಕರೆಂಟು ಬರುವ ಕೆಂಪು ವೈರಿಗೇ ಸುತ್ತಿಬಿಟ್ಟ.

"ಸಾರ್, ಆ ಹಸಿರು..." ಎಂದ ಗಂಡ.

"ಬಾಯ್ಮುಚ್ಚು! ಮನೆಯವರು ಮಧ್ಯೆ ಬಾಯಿ ಹಾಕಿದ್ರೆ ಈಗ್ಲೇ ವಜಾ," ಎಂದು ಇನ್ಸ್‌ಪೆಕ್ಟರು ಒಳಗೆ ಇಣುಕಿಯೂ ನೋಡದೆ ಫಾರಂಗೆ ಸಹಿ ಹಾಕಿದರು. 'ಸಂಪೂರ್ಣ ಸುರಕ್ಷಿತ' ಎಂದು ಬರೆದು ಕೆಳಗೊಂದು ಗೆರೆ ಬೇರೆ ಎಳೆದರು. ಲೈನ್‌ಮನ್ ಕಂಬ ಹತ್ತಿ ಲೈನು ಕೊಟ್ಟವನೇ ಏಣಿ ಹೊತ್ತುಕೊಂಡು ಮುಂದಿನ ಬೀದಿಗೆ ನಡೆದ.

ಯಾರೂ ಸ್ವಿಚ್ಚು ಹಾಕಲಿಲ್ಲ. ಆದರೂ ಬಾಗಿಲ ಬೆಲ್ಲು ಬಡಿದುಕೊಳ್ಳತೊಡಗಿತು. ತಲೆಯ ಮೇಲೆ ಫ್ಯಾನು ತಾನಾಗಿ ಗರ್ರೆಂದು ಸುತ್ತಿತು.

"ಪೆಟ್ಟಿಗೆ ಮುಟ್ಬೇಡಿ!" ಎಂದು ನಾನು ಕಿರುಚಿದೆ.

ಇನ್ಸ್‌ಪೆಕ್ಟರು ಕೈ ಚಾಚಿದರು. "ಟೆಸ್ಟರ್ ಕೊಡೋ." ಗಂಡ ಕೊಟ್ಟ. ಅವರು ದೂರ ನಿಂತೇ ತೋಳು ಉದ್ದ ಮಾಡಿ ಅದನ್ನು ಕಬ್ಬಿಣದ ಪೆಟ್ಟಿಗೆಗೆ ತಾಗಿಸಿದರು. ಟೆಸ್ಟರು ಕೆಂಪಗೆ ಉರಿಯಿತು. ಇನ್ಸ್‌ಪೆಕ್ಟರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.

"ಮೇನ್ ಸ್ವಿಚ್ ಆರಿಸಿ ಸಾಹುಕಾರ್ರೇ."

"ಅದೂ ಆ ಪೆಟ್ಟಿಗೇಲೇ ಐತಲ್ಲ ಸಾರ್. ನೀವೇ ಆರಿಸಿ."

"ಮಾಡಿದೋರು ನೀವು."

"ಪಾಸ್ ಮಾಡಿದೋರು ನೀವು."

ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಗಂಡನ ಕಡೆ ತಿರುಗಿದರು. "ಟೆಸ್ಟರಪ್ಪಾ, ಒಂಚೂರು ನೋಡಪ್ಪಾ," ಎಂದ ಸಾಹುಕಾರ. ಅಪ್ಪಾ ಅಂತೆ! ಹದಿನೆಂಟು ವರ್ಷದಲ್ಲಿ ಮೊದಲ ಸಲ.

"ಆಯ್ತು ಸಾರ್," ಎಂದು ಹೊರಟೇಬಿಟ್ಟ ನನ್ನ ಪುಣ್ಯಾತ್ಮ. ನಾನು ಅವನ ರಟ್ಟೆ ಹಿಡಿದು ಹೊರಗೆಳೆದೆ, ಬಾಗಿಲು ಮುಚ್ಚಿ ಹೊರಗಿನಿಂದ ಚಿಲಕ ಹಾಕಿದೆ.

"ಏಯ್, ತೆಗೀ ಬಾಗಿಲು! ಜೈಲಿಗೆ ಹಾಕಿಸ್ತೀನಿ!"

"ಸಂಪೂರ್ಣ ಸುರಕ್ಷಿತ ಅಂತ ನೀವೇ ಬರೆದಿದೀರಲ್ಲ ಸಾರ್. ಸುರಕ್ಷಿತವಾಗಿರಿ."

"ಲೇ ಮುಂಡೇದೇ, ನಾನು ಯಾರು ಗೊತ್ತಾ?" ಎಂದು ಸಾಹುಕಾರ ಅರಚಿದ.

"ಗೊತ್ತು ಕಣೋ ಹಲ್ಕಾ," ಎಂದಳು ಅತ್ತೆ, ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಾ. "ನನ್ನ ಮಗನ ಬೆವರಿಗೆ ಸಹಿ ಹಾಕಿದೋನು."

ಸ್ವಲ್ಪ ಹೊತ್ತಿಗೆ ಇನ್ಸ್‌ಪೆಕ್ಟರ ದನಿ ಮೆತ್ತಗಾಗಿ ಕಿಟಕಿಗೆ ಬಂತು. "ಏನು ಬೇಕಮ್ಮಾ ನಿಂಗೆ?"

"ಆ ಫಾರಂ ಹೊಡೆದು ಹಾಕಿ. ಈ ಮನೆ ವೈರಿಂಗ್ ಮನೆಯವ್ರೇ ಮಾಡೋದು, ಅವ್ರಿಗೆ ಬರ್ತದೆ, ಪಾಸು ಅಂತ ಬರ್ಕೊಡಿ. ಟೆಸ್ಟರ್ ಒಳಗೆ ಬಂದು ಆರಿಸಿ, ಸರಿಮಾಡ್ತಾನೆ."

"ಹಂಗೆ ಬರೆಯೋಕೆ ಫಾರಂನಲ್ಲಿ ಕಾಲಮ್ಮೇ ಇಲ್ಲಮ್ಮಾ!"

"ಇಲ್ದಿದ್ರೆ ಗೆರೆ ಎಳ್ಕೊಳ್ಳಿ. ಪೆನ್ನು ನಿಮ್ಮತ್ರಾನೇ ಐತಲ್ಲ."

ಅವರು ಫಾರಂ ತೆಗೆದರೋ ಏನೋ, ಫ್ಯಾನಿನ ಗಾಳಿಗೆ ಕಾಗದ ಹಾರುವ ಸದ್ದು ಕೇಳಿಸಿತು. "ಹಿಡೀರಿ, ಪೆಟ್ಟಿಗೆ ಕಡೆ ಹೋಗ್ತಾ ಐತೆ!" "ನಾನು ಹೋಗಲ್ಲ, ನೀವು ಹಿಡೀರಿ!" ಬೆಲ್ಲು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಗಂಡ ನನ್ನ ಮುಖ ನೋಡಿದ. ಅವನ ಬೆರಳುಗಳು ಕೆಲಸಕ್ಕೆ ತವಕಿಸುತ್ತಿದ್ದವು. ನಾನು ಅವನ ಎರಡೂ ಕೈಗಳನ್ನು ನನ್ನ ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.