ಸೊನ್ನೆ ಮುಟ್ಟಿದ ಗೆರೆ

ಒಂದು ವರ್ಷ ಫೇಲಾದ ತಪ್ಪಿಗೆ ಅಕ್ಕ ತಂಗಿಯ ಕ್ಲಾಸಿನಲ್ಲೇ ಕೂರಬೇಕಾಗಿ ಬಂದಿತ್ತು. ಸಾಲದ್ದಕ್ಕೆ, ಲ್ಯಾಬಿನಲ್ಲಿ ಇಬ್ಬರಿಗೂ ಒಂದೇ ಸ್ಪ್ರಿಂಗ್. ಅದಕ್ಕೆ ಬೇರೆ ಬೇರೆ ತೂಕ ಕಟ್ಟಿ, ಇಪ್ಪತ್ತು ಸಲ ಮೇಲೆ ಕೆಳಗೆ ಕುಣಿಯಲು ಹಿಡಿದ ಸಮಯ ಅಳೆದು, ಒಂದು ಕುಣಿತದ ಸಮಯದ ವರ್ಗವನ್ನು ಗ್ರಾಫಿನಲ್ಲಿ ತೂಕದೆದುರು ಚುಕ್ಕೆಯಾಗಿ ಗುರುತಿಸಿ ಗೆರೆ ಎಳೆಯಬೇಕು. ಆ ಗೆರೆಯ ಇಳಿಜಾರೇ ಸ್ಪ್ರಿಂಗ್ ಎಷ್ಟು ಬಿಗಿ ಎಂದು ಹೇಳುತ್ತದೆ. ಒಬ್ಬಳ ಸರದಿಯಲ್ಲಿ ಇನ್ನೊಬ್ಬಳು ಎಣಿಸಿಕೊಟ್ಟಳು.

ತಂಗಿಯ ಗೆರೆ ಸೊನ್ನೆಗೆ ಸೇರದೆ ತುಸು ಮೇಲೆಯೇ ನಿಂತಿತು. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ತೂಕವಿಲ್ಲದಿದ್ದರೆ ಸಮಯವೂ ಸೊನ್ನೆಯಲ್ಲವೇ? ಅಂತೂ ಜಾಣೆ ಎಡವಿದಳು! ತನ್ನ ಗೆರೆಯೂ ಹಾಗೇ ನಿಂತಾಗ, ನಾಲ್ಕು ಚುಕ್ಕೆ ಜರುಗಿಸಿ ಅದನ್ನು ನೇರ ಸೊನ್ನೆಗೇ ಮುಟ್ಟಿಸಿದಳು.

ಮೇಷ್ಟ್ರು ಎರಡೂ ಹಾಳೆ ನೋಡಿ ಅಕ್ಕನತ್ತ ತಿರುಗಿದರು. "ತೂಕ ತೆಗೆದ್ರೂ ಸ್ಪ್ರಿಂಗಿಗೆ ತನ್ನದೇ ಭಾರ ಇರತ್ತಲ್ಲಮ್ಮ? ಗೆರೆ ಸೊನ್ನೆಗಿಂತ ಮೇಲೇ ನಿಲ್ಬೇಕು. ನಿಂದು ಹೇಗೆ ಅಲ್ಲಿಗೆ ಹೋಯ್ತು?"

ಅಕ್ಕ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಅಷ್ಟರಲ್ಲಿ ತಂಗಿ ಎದ್ದಳು. "ಅಕ್ಕಂಗೆ ಎಣಿಸಿಕೊಟ್ಟಿದ್ದು ನಾನು, ಸರ್. ನಾನೇ ತಪ್ಪು ಹೇಳಿರ್ಬೇಕು."

ಮೇಷ್ಟ್ರು ನಕ್ಕು ಮುಂದಿನ ಮೇಜಿಗೆ ಹೋದರು. ಅಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಲೆಕ್ಕದಲ್ಲಿ ಮುಂದಿರುವುದು ಸಾಲದೆಂದು, ಒಳ್ಳೆಯತನದಲ್ಲೂ ಇವಳೇ ಗೆಲ್ಲಬೇಕೇ?