ನಡುವಿನ ಜೇಬು ನಾಪತ್ತೆ

೧

ಹೇಗೆ ಶುರುಮಾಡಲಿ? ‘ಕಬ್ಬಿಣದ ಹರಳಿನಲ್ಲಿ ಎಲೆಕ್ಟ್ರಾನುಗಳು ಗಂಡಹೆಂಡಿರಂತೆ ಜೋಡಿಯಾಗಿ ಓಡುತ್ತವೆ’ ಎಂದು ಬರೆದೆ. ಕಥಾನಾಯಕಿ ಲ್ಯಾಬಿನಿಂದಲೇ ಗದರಿದಳು: "ಗಂಡ ಹೆಂಡತಿನ ಯಾಕ್ರೀ ಎಳೀತೀರಿ? ಅವು ಒಂದನ್ನೊಂದು ದೂರ ತಳ್ಳೋ ಜಾತಿ. ಆದ್ರೂ ಜೋಡಿಯಾಗ್ತವೆ."

(ನಾನು ಹೇಳಿದ್ದೂ ಅದೇ. ಇರಲಿ, ಹೊಡೆದುಹಾಕಿದೆ.)

೨

ಆಕೆ ಹರಳುಗಳ ಮೇಲೆ ಬೆಳಕು ಹಾಯಿಸಿ, ಸಿಡಿದು ಬರುವ ಎಲೆಕ್ಟ್ರಾನುಗಳನ್ನು ಅಳೆಯುವವಳು. ಗಂಡ ಸಿದ್ಧಾಂತಿ, ಪೆನ್ಸಿಲ್ ಬಿಟ್ಟರೆ ಬೇರೆ ಉಪಕರಣ ಮುಟ್ಟಿದವನಲ್ಲ. ಚೆನ್ನಾಗಿ ತಣಿಸಿದ ಕೆಲವು ಕಬ್ಬಿಣದ ಸಂಯುಕ್ತಗಳಲ್ಲಿ ಕರೆಂಟು ತಡೆಯೇ ಇಲ್ಲದೆ ಹರಿಯುವುದೇಕೆ? ಅವನ ಉತ್ತರಕ್ಕೆ ಹೆಸರು ಬಂದಿತ್ತು: ಎಲೆಕ್ಟ್ರಾನುಗಳ ನಕ್ಷೆಯಲ್ಲಿ ನಡುವೆ ಅವು ತಂಗುವ ಒಂದು ಜೇಬು, ಮೂಲೆಯಲ್ಲಿ ಇನ್ನೊಂದು, ಜೋಡಿಗಳು ಇವೆರಡರ ಮಧ್ಯೆ ಜಿಗಿದಾಡುವುದರಿಂದಲೇ ಅಂಟಿಕೊಂಡಿರುತ್ತವೆ, ಜೋಡಿಯಾದವಕ್ಕೆ ತಡೆಯಿಲ್ಲ. (ಜೇಬು ಎಂಬುದು ವಿಜ್ಞಾನಿಗಳದೇ ಮಾತು. ನನ್ನ ಉಪಮೆಗೆ ಕತ್ತರಿ, ಅವರದಕ್ಕೆ ಬಹುಮಾನ.)

ಅವಳ ಹೊಸ ಹರಳಿನಲ್ಲಿ ನಡುವಿನ ಜೇಬೇ ಇರಲಿಲ್ಲ. ಕರೆಂಟು ಮಾತ್ರ ಆರಾಮಾಗಿ ಹರಿಯುತ್ತಿತ್ತು.

೩

ಮರುದಿನ ಅವನ ದೊಡ್ಡ ಭಾಷಣ. ಅಡುಗೆಮನೆಯಲ್ಲಿ ಅವಳು ವಿಷಯ ಹೇಳಿದಳು. ನನ್ನ ಮೊದಲ ಕರಡಿನಲ್ಲಿ ಅವನು ತಟ್ಟೆ ಒಡೆದ. "ಅವನು ಹಾಗಲ್ಲ" ಎಂದಳು. ಎರಡನೆಯದರಲ್ಲಿ ಅಪ್ಪಿಕೊಂಡ. "ಹಾಗೂ ಅಲ್ಲ." ನಡೆದದ್ದು ಇಷ್ಟು:

"ಇನ್ನೊಂದ್ಸಲ ಅಳೆದು ನೋಡು."

"ನೋಡಾಯ್ತು ಕಣೋ. ಇಲ್ಲ ಅಂದ್ರೆ ಇಲ್ಲ."

"ಯಾವಾಗ ಗೊತ್ತಾಯ್ತು?"

"ಹೋದ ವಾರ."

ಬೆಳ್ಳುಳ್ಳಿ ಸುಲಿಯುತ್ತಿದ್ದ ಅವನ ಕೈ ನಿಂತಿತು. ಸಿದ್ಧಾಂತ ಮುರಿದಾಗ ಬಾಡದ ಮುಖ ಈಗ ಬಾಡಿತು. "ವಾರವಿಡೀ ಎದುರಿಗೇ ಕೂತು ಊಟ ಮಾಡಿದ್ಯಲ್ಲೇ."

"ಹೇಗೆ ಹೇಳೋದು ಗೊತ್ತಾಗ್ಲಿಲ್ಲ."

೪

ವೇದಿಕೆ ಹತ್ತಿದವನು ತನ್ನ ಚಿತ್ರಗಳನ್ನೆಲ್ಲ ಬದಿಗಿಟ್ಟು ಅವಳ ಅಳತೆಯನ್ನೇ ತೆರೆಯ ಮೇಲೆ ಹಾಕಿದ. "ನಾನು ಇಷ್ಟು ದಿನ ಹೇಳಿದ್ದು ಈ ಹರಳಲ್ಲಿ ನಡೆಯೋದಿಲ್ಲ." ಸಭೆಯಲ್ಲಿ ಗುಜುಗುಜು. ಯಾರೋ ಕೇಳಿದರು: "ಹಾಗಾದ್ರೆ ಜೋಡಿಗಳನ್ನ ಅಂಟಿಸ್ತಿರೋದು ಯಾವುದು?"

"ಗೊತ್ತಿಲ್ಲ."

ಹಿಂದಿನ ಸಾಲಿನಲ್ಲಿದ್ದ ಅವಳು ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

(ಇಲ್ಲಿಗೇ ನಿಲ್ಲಿಸಿದ್ದರೆ ಚಪ್ಪಾಳೆ ಗ್ಯಾರಂಟಿ. ನಿಲ್ಲಿಸುವವನೇ ಇದ್ದೆ.)

ಆದರೆ ಮನೆಗೆ ಮರಳುವಾಗ ಅವನು ಅವಳತ್ತ ನೋಡದೆ ಕಾರು ಓಡಿಸಿದ.

"ಕೋಪಾನಾ?"

"ಯೋಚನೆ."

"ಎಲೆಕ್ಟ್ರಾನ್ ಬಗ್ಗೆನಾ, ನನ್ನ ಬಗ್ಗೆನಾ?"

ಹಿಂದಿನ ಸೀಟಿನಲ್ಲಿ ನಾನು ಪೆನ್ನು ತೆಗೆದು ಕತ್ತು ಚಾಚಿದೆ. ಅವನು ಕಾರನ್ನು ರಸ್ತೆಬದಿಗೆ ತಂದು ನಿಲ್ಲಿಸಿದ. ಇಬ್ಬರೂ ತಿರುಗಿ ನನ್ನತ್ತ ನೋಡಿದರು.

"ನೀವು ಇಲ್ಲೇ ಇಳ್ಕೊಳ್ಳಿ" ಎಂದಳು.

ಇಳಿದೆ. ನೀವೂ ಇಳಿಯಿರಿ.