ಅಕ್ಕಸಾಲಿಗರ ಬೀದಿಯ ಡೈರೆಕ್ಟರಿ

ಚಟ್ಟದ ಹಗ್ಗ ಬಿಗಿದು ಚಲುವಯ್ಯ ಕೈ ಒರೆಸಿಕೊಂಡ. ಇನ್ನು ಮೌನಾಚಾರಿಯ ಹೆಣ ಎತ್ತಬೇಕು. ಒಳಗೆ, ಇಟ್ಟಿಗೆಯ ಮೇಲಿಟ್ಟ ದೀಪ ಉರಿಯುತ್ತಿತ್ತು. ಸತ್ತವನ ತಮ್ಮನ ಮಗ ಬೆಂಕಿ ಮಡಕೆ ಹಿಡಿದು ನಿಂತಾಗಿತ್ತು. ನಾಗಮಂಗಲದ ಅಕ್ಕಸಾಲಿಗರ ಬೀದಿಯ ಗಂಡಸರು ಮಾತ್ರ ಎದುರು ಜಗಲಿಗೊರಗಿ ಮೊಬೈಲು ಉಜ್ಜುತ್ತಿದ್ದರು. ಯಾರೂ ಹೆಗಲು ಕೊಡಕೂಡದೆಂದು ಒಡವೆ ಅಂಗಡಿಯ ನಾಗರಾಜ ಬೆಳಿಗ್ಗೆಯೇ ಹೇಳಿದ್ದ. ಹೇಳಿದಂತೆ ಕೇಳುವ ಕುರಿಗಳು.

"ಒತ್ತಾಯ್ತಾ ಅದೆ, ಬನ್ರಪ್ಪ," ಎಂದ ಚಲುವಯ್ಯ.

"ನಂಗೆ ಸೊಂಟ ಇಡ್ಕಂಡದೆ," ಎಂದಿತು ಒಂದು ಕುರಿ.

*

ಮೌನಾಚಾರಿ ಮಾಡಿದ ಪಾಪ ಇಷ್ಟೇ. ಮೈಸೂರು, ಬೆಂಗಳೂರು ಅಲೆದು, ಹಳೇ ಕಾಲದ ಕಸುಬುದಾರರ ಡೈರೆಕ್ಟರಿಗಳನ್ನು ಜಾಲಾಡಿ, ಈ ಬೀದಿಯ ಯಾವ ಮನೆಯಲ್ಲಿ ಆಗ ಯಾರಿದ್ದರು, ಏನು ಮಾಡುತ್ತಿದ್ದರು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟ. ಅದನ್ನು ಖುಷಿಯಿಂದ ನಾಗರಾಜನಿಗೇ ಮೊದಲು ಓದಿ ಹೇಳಿದ, ದಡ್ಡ.

"ನಿಮ್ ತಾತ ಪಾತ್ರೆಗೆ ಕಲಾಯಿ ಆಕ್ತಿದ್ರು ಕಣ್ಲಾ. ಎಲ್ಲಾ ಡೈರೆಕ್ಟರಿಲೂ ಅಂಗೇ ಅದೆ."

ನಾಗರಾಜನ ಅಂಗಡಿಯ ಬೋರ್ಡಿನಲ್ಲಿ 'ಅರಮನೆ ಅಕ್ಕಸಾಲಿಗರ ವಂಶಸ್ಥರು' ಎಂದಿತ್ತು.

"ಅದ್ನ ಒಲೆಗಾಕು. ಇಲ್ದಿದ್ರೆ ನಿನ್ ಎಣ ಎತ್ತಕ್ಕೆ ನಾಲ್ಕು ಜನ ಸಿಕ್ಕಾಕಿಲ್ಲ," ಎಂದ.

ಉಳಿದವರೂ ತಂತಮ್ಮ ತಾತಂದಿರನ್ನು ನೆನೆದು ತಲೆಯಾಡಿಸಿದರು. ಅನ್ನ ಕೊಟ್ಟ ಕಸುಬಿಗೆ ನಾಚುವ ಜನಕ್ಕೆ ಏನೆನ್ನಬೇಕು?

*

ಮೌನಾಚಾರಿಯ ಹೆಂಡತಿ ವರಲಕ್ಷ್ಮಮ್ಮ ಎದುರು ಜಗಲಿಯನ್ನು ಒಂದು ಸಲ ನೋಡಿದಳು. ಒಳಗೆ ಹೋದಳು. ಕೆಂಪು ಬಟ್ಟೆಯ ಗಂಟೊಂದನ್ನು ತಂದು ಗಂಡನ ತಲೆಯಡಿ ಇಟ್ಟಳು.

"ಅವ್ರು ಬರ್ದಿದ್ದು ಅವ್ರ ಜೊತೆಗೇ ಮಣ್ಣಿಗೋಗ್ಲಿ. ಗುಂಡಿಗೆ ಇಳ್ದಿದ್ದು ತಿರ್ಗ ಮನೆಗೆ ಬರಾಕಿಲ್ವಲ್ಲ. ಎತ್ತೋರು ಇಲ್ದಿದ್ರೆ ಬುಡಿ, ಬಾಗ್ಲಲ್ಲೇ ಕೂತು ನಾನೇ ಗಟ್ಟಿಯಾಗಿ ಓದ್ತೀನಿ."

ಸೊಂಟಗಳೆಲ್ಲ ವಾಸಿಯಾದವು. ತಲೆಯ ಕಡೆಯ ಬಿದಿರಿಗೆ ನಾಗರಾಜನೇ ಹೆಗಲು ಕೊಟ್ಟ. ಗುಂಡಿಗೆ ಮಣ್ಣನ್ನೂ ಅವನೇ ಬಾಚಿ ಬಾಚಿ ಎಳೆದ. ಸ್ವಂತ ಅಪ್ಪನಿಗೂ ಅವನು ಅಷ್ಟು ಬೆವರು ಸುರಿಸಿರಲಿಲ್ಲ.

"ದೊಡ್ಡ ಮನ್ಸ ಕಣಪ್ಪ ನೀನು," ಎಂದಿತು ಸೊಂಟದ ಕುರಿ.

ಮಣ್ಣಿಗೆ ಹೋದವರು ಸತ್ತವರ ಮನೆಗೆ ಬಂದು ದೀಪ ನೋಡಿಯೇ ಹೋಗಬೇಕು. ಕಾಲು ತೊಳೆದು ನಾಗರಾಜ ಎಲ್ಲರಿಗಿಂತ ಮುಂದೆ ನಡುಮನೆಗೆ ಬಂದ. ಬೆಳಿಗ್ಗೆ ದೀಪದಡಿ ಇದ್ದ ಇಟ್ಟಿಗೆ ಕಾಣಲಿಲ್ಲ. ದೀಪ ಮೌನಾಚಾರಿಯ ಪುಸ್ತಕದ ಮೇಲೆ ಉರಿಯುತ್ತಿತ್ತು.

"ನಿಂತ್ಕಂಡ್ಯಲ್ಲ, ಕೈ ಮುಗಿಯಪ್ಪ," ಎಂದಳು ವರಲಕ್ಷ್ಮಮ್ಮ.

ಹಿಂದೆ ಬೀದಿಗೆ ಬೀದಿಯೇ ಸಾಲುಗಟ್ಟಿ ನಿಂತಿತ್ತು. ನಾಗರಾಜ ಬಗ್ಗಿ ಕೈ ಮುಗಿದ. ಉಗುರಿನ ಸಂದಿಯಲ್ಲಿ ಗುಂಡಿಯ ಮಣ್ಣು ಇನ್ನೂ ಇತ್ತು.